ಚಿಕ್ಕವ್ವನ ಕೆಂಪು ಬಟ್ಟೆ

ಹೋದ ತಿಂಗಳು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿ ಊರಿಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಬಸ್ಸು ನಿಂತಿತು. ಮುಂದೆ ರಸ್ತೆಗೆ ಟಾರು ಹಾಕುತ್ತಿದ್ದರು. ಕಾದ ಟಾರಿನ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿದ್ದೇ ತಡ, ಪಕ್ಕದ ಹೆಂಗಸು ಸೆರಗನ್ನು ಮೂಗಿಗೆ ಒತ್ತಿಕೊಂಡು "ಥೂ, ಕಿಟ್ಕಿ ಮುಚ್ಚಮ್ಮಾ" ಅಂದಳು. ನಾನು ಮುಚ್ಚಲಿಲ್ಲ. ಮುಚ್ಚುವುದಿರಲಿ, ತಲೆಯನ್ನೇ ಆಚೆ ಹಾಕಿ ಇನ್ನೊಂದಿಷ್ಟು ಎಳೆದುಕೊಂಡೆ. ಆಕೆ ನನ್ನನ್ನು ಒಂಥರಾ ನೋಡಿದಳು. ನೋಡಲಿ. ಕೆಲವರಿಗೆ ಹೆತ್ತವರ ನೆನಪು ಮಲ್ಲಿಗೆ ಹೂವಿನಿಂದ ಬರುತ್ತದಂತೆ, ಕೆಲವರಿಗೆ ಒಗ್ಗರಣೆಯಿಂದ. ನನ್ನ ಚಿಕ್ಕವ್ವನ ನೆನಪು ನನಗೆ ಬರುವುದು ಟಾರಿನಿಂದ. ಅವಳ ಮಗ್ಗುಲಲ್ಲಿ ಮಲಗಿ ಬೆಳೆದವಳು ನಾನು. ಅವಳ ಸೀರೆ, ಕೂದಲು, ಅಂಗೈ ಎಲ್ಲವೂ ಹಾಗೇ ನಾರುತ್ತಿದ್ದವು.

ನಾನು ಊರಿಗೆ ಹೊರಟಿದ್ದಕ್ಕೂ ಒಂದು ಕಾರಣವಿತ್ತು. ನಾನು ನರ್ಸ್ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮೂರ ಶಾಲೆಗೆ ನೂರು ವರ್ಷ ತುಂಬುತ್ತದೆ ಅಂತ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಸಮಿತಿ ಮಾಡಿಕೊಂಡಿದ್ದಾರೆ. ಅದರ ಅಧ್ಯಕ್ಷರು ಫೋನು ಮಾಡಿ, "ಸಿಸ್ಟ್ರೇ, ಸ್ಮರಣ ಸಂಚಿಕೆ ತತ್ತಾ ಇದೀವಿ, ನೀವೊಂದು ಸವಿನೆನಪು ಬರ್ಕೊಡಿ" ಅಂದಿದ್ದರು. ಬರೆದುಕೊಟ್ಟೆ. ಸವಿಯಾಗಿರಲಿಲ್ಲ. ಅದಕ್ಕೇ "ಒಂಚೂರು ಬಂದೋಗಿ, ಮಾತಾಡ್ಮ" ಅಂತ ಕರೆಸಿದ್ದರು.

ಬಸ್ಸು ಹೊರಡುವ ತನಕ ನಾನು ಆ ಟಾರಿನ ಡ್ರಮ್ಮನ್ನೇ ನೋಡುತ್ತಾ ಕೂತಿದ್ದೆ...

ಚಿಕ್ಕವ್ವ ನಮ್ಮವ್ವನ ತಂಗಿ. ಹರವೆ ಕಡೆ ಕೊಟ್ಟಿದ್ದರು. ಗಂಡ ಕುಡಿದು ಬಡಿಯುತ್ತಿದ್ದ. ವರ್ಷ ತುಂಬುವ ಮೊದಲೇ ಒಂದು ಬೆಳಗ್ಗೆ ನಮ್ಮ ಬಾಗಿಲಿಗೆ ಬಂದು ನಿಂತಳಂತೆ. ಬುದ್ಧಿ ಹೇಳಲು ಬಂದ ಹಿರಿಯರಿಗೆ "ಒಡಸ್ಕಂಡು ಉಣ್ಣೋ ಮುದ್ದೆ ನಂಗ್ಯಾಕ" ಅಂದಳು, ಮಾತು ಅಲ್ಲಿಗೇ ಮುಗಿಯಿತು. ಆಮೇಲೆ ರಸ್ತೆ ಗ್ಯಾಂಗಿಗೆ ಕೂಲಿಗೆ ಸೇರಿದಳು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಹೆಂಗಸು. ಕಾಲಿಗೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿಕೊಂಡು, ಬಾಂಡಲಿಯಲ್ಲಿ ಜಲ್ಲಿ ಹೊತ್ತು ಸುರಿಯುತ್ತಿದ್ದಳು. ಸಂಜೆ ಸೀಮೆಎಣ್ಣೆ ಹಚ್ಚಿ ಎಷ್ಟು ಉಜ್ಜಿದರೂ ಉಗುರ ಸಂದಿಯ ಕರಿ ಹೋಗುತ್ತಿರಲಿಲ್ಲ. ಅವಳ ಗಂಟಲು ದೊಡ್ಡದು. ಲಾರಿಯವನೊಬ್ಬ ನಿಲ್ಲಿಸದೆ ಹಸಿ ಟಾರಿನ ಮೇಲೆ ಹತ್ತಿಸಲು ಬಂದಾಗ ಇವಳು ಹಾಕಿದ ಕೂಗಿಗೆ ಬೆದರಿ ಬ್ರೇಕು ಒತ್ತಿದನಂತೆ. ಅದನ್ನು ಕಂಡ ಮೇಸ್ತ್ರಿ, ಗಾಡಿ ನಿಲ್ಲಿಸುವ ಕೆಂಪು ಬಟ್ಟೆಯ ಕೋಲನ್ನು ಅವಳ ಕೈಗೇ ಕೊಟ್ಟಿದ್ದ.

ನಮ್ಮೂರ ಶಾಲೆ ಊರಾಚೆ, ರಸ್ತೆ ಪಕ್ಕದ ದಿಬ್ಬದ ಮೇಲಿದೆ. ನಾವು ಅಲ್ಲಿಗೆ ಸೇರುವ ಮೊದಲು ನಮ್ಮ ಕೇರಿಗೆ ಬೇರೆಯೇ ಒಂದು ಶಾಲೆಯಿತ್ತು. ಶಾಲೆ ಅಂದರೆ ಹೊಂಗೆ ಮರದ ಕೆಳಗೆ ಒಂದು ಗರಿ ಚಪ್ಪರ, ಒಬ್ಬ ಮೇಷ್ಟ್ರು. ಅವರಿಗೆ ವರ್ಗವಾಯಿತು, ಬದಲಿಗೆ ಯಾರೂ ಬರಲಿಲ್ಲ. ಒಂದೂರಿಗೆ ಎರಡು ಶಾಲೆ ಯಾಕೆ, ಎಲ್ಲರನ್ನೂ ಒಂದೇ ಕಡೆ ಸೇರಿಸಿ ಅಂತ ಸರ್ಕಾರದವರು ಹೇಳಿದರಂತೆ. ಸೇರಿಸಿದರು. ಹಾಜರಿ ಕೂಗುವಾಗ ಊರೊಳಗಿನವರ ಹೆಸರಿನ ಹಿಂದೆಯೇ ನಮ್ಮ ಹೆಸರೂ ಬರುತ್ತಿತ್ತು. ಕೂರುವುದು ಮಾತ್ರ ಬೇರೆ. ಊರೊಳಗಿನ ಮಕ್ಕಳು ಕೋಣೆಯ ಒಳಗೆ, ಕೇರಿಯ ಮಕ್ಕಳು ಹೊರಗೆ ಜಗಲಿಯ ಮೇಲೆ. ಹಾಗೆ ಕೂರಿ ಅಂತ ಯಾರೂ ಬಾಯಿಬಿಟ್ಟು ಹೇಳಿದ ನೆನಪಿಲ್ಲ. ಮೊದಲ ದಿನ ಹೋದಾಗಲೇ ನಮ್ಮ ಗೋಣಿತಟ್ಟು ಜಗಲಿಯ ಮೇಲೆ ಹಾಸಿತ್ತು.

ಜಗಲಿಯಲ್ಲಿ ಕೂತರೆ ಬಾಗಿಲಿನಿಂದ ಬೋರ್ಡಿನ ಎಡಗಡೆಯ ಅರ್ಧ ಕಾಣುತ್ತಿತ್ತು. ಬಲಗಡೆಯ ಅರ್ಧವನ್ನು ಗೋಡೆ ನುಂಗಿತ್ತು. ಏಳಕ್ಕೆ ಐದು ಕೂಡಿಸಿದರೆ ಎಷ್ಟು ಅನ್ನುವುದು ನಮಗೆ ಕಾಣುತ್ತಿತ್ತು, ಹನ್ನೆರಡು ಅನ್ನುವುದು ಒಳಗಿನವರಿಗೆ. ಶಿವನ ಮುಂದೆ ಎಲ್ಲರೂ ಸಮ ಎಂಬ ಅರ್ಥದ ಒಂದು ಪದ್ಯವನ್ನೂ ಬರೆಸಿದರು. ಅದರಲ್ಲೂ ನಮಗೆ ಸಿಕ್ಕಿದ್ದು ಪ್ರತಿ ಸಾಲಿನ ಅರ್ಧ. ಈಗ ಹೇಳುವಾಗ ನಗು ಬರುತ್ತದೆ. ಆಗ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಎರಚಲು ಹೊಡೆದು ಸ್ಲೇಟಿನ ಅಕ್ಷರ ತೊಳೆದುಹೋಗುತ್ತಿತ್ತು. ಒದ್ದೆ ಲಂಗ ಹಿಂಡಿಕೊಂಡು ನಡುಗುತ್ತಾ ಕೂತು, ಒಳಗೆ ಬೆಚ್ಚಗೆ ಕೂತವರ ಬೆನ್ನುಗಳನ್ನು ನೋಡುತ್ತಿದ್ದೆ. ಆ ಬೆನ್ನುಗಳ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳುವ ಅವಸರವೂ ನನಗಿಲ್ಲ.

ವರ್ಷದಲ್ಲಿ ಒಂದೋ ಎರಡೋ ದಿನ ಮಾತ್ರ ನಾವು ಒಳಗೆ ಕೂರುತ್ತಿದ್ದೆವು. ಗುಂಡ್ಲುಪೇಟೆಯಿಂದ ಸ್ಕೂಲ್ ಇನ್‌ಸ್ಪೆಕ್ಟರು ಜೀಪಿನಲ್ಲಿ ಬರುವ ದಿನ. ಬರುತ್ತಾರೆ ಅಂತ ಸುದ್ದಿ ಸಿಕ್ಕಿದ ಕೂಡಲೇ ಹೆಡ್‌ಮೇಷ್ಟ್ರು ಓಡಿ ಬಂದು "ಏಳಿ, ಏಳಿ, ಒಳಗೆ ನಡೀರಿ" ಅಂತ ನಮ್ಮನ್ನು ಎಬ್ಬಿಸಿ, ಊರೊಳಗಿನ ಮಕ್ಕಳ ಮಧ್ಯೆ ಮಧ್ಯೆ ಕೂರಿಸುತ್ತಿದ್ದರು, ಹೊಲದಲ್ಲಿ ರಾಗಿ ನಡುವೆ ಅವರೆಯ ಅಕ್ಕಡಿ ಸಾಲು ಬಿಟ್ಟ ಹಾಗೆ. ನನ್ನನ್ನು ಯಾವಾಗಲೂ ಪಟೇಲರ ಮಗನ ಪಕ್ಕ ಕೂರಿಸುತ್ತಿದ್ದರು. ಅವನು ಮೊಣಕೈ ಎದೆಗೆ ಒತ್ತಿಕೊಂಡು ಮುದುರಿ ಕೂರುತ್ತಿದ್ದ. ಇನ್‌ಸ್ಪೆಕ್ಟರು ಬಂದು, ನೋಡಿ, ಎಳನೀರು ಕುಡಿದು ಹೋಗುತ್ತಿದ್ದರು. ಜೀಪಿನ ಧೂಳು ಕೂರುವ ಮೊದಲೇ ನಾವು ವಾಪಸು ಜಗಲಿಗೆ. ನಾವು ಕೂತೆದ್ದ ನೆಲಕ್ಕೆ ನೀರು ಚಿಮುಕಿಸುತ್ತಿದ್ದರು. ನಾವು ನೋಡುತ್ತಿದ್ದಂತೆಯೇ.

ಹೆಡ್‌ಮೇಷ್ಟ್ರು ಕೆಟ್ಟವರಲ್ಲ, ಪುಕ್ಕಲರು. ಪಟೇಲರಿಗೂ ಹೆದರಬೇಕು, ಸರ್ಕಾರಕ್ಕೂ ಹೆದರಬೇಕು. ಒಂದು ಸಲ ಇನ್‌ಸ್ಪೆಕ್ಟರು ಸುದ್ದಿಯಿಲ್ಲದೆ ಬಂದು, ನಾವು ಎದ್ದು ಒಳಗೆ ಓಡುವುದಕ್ಕೂ ಅವರ ಜೀಪು ದಿಬ್ಬ ಹತ್ತುವುದಕ್ಕೂ ಸರಿಹೋಗಿ, ಮೇಷ್ಟ್ರಿಗೆ ಜೀವ ಬಾಯಿಗೆ ಬಂದಿತ್ತು. ಆ ವರ್ಷ ನಮ್ಮೂರ ತಿರುವಿನ ಹತ್ತಿರ ರಸ್ತೆ ಅಗಲ ಮಾಡುವ ಕೆಲಸ ಹಿಡಿದಿದ್ದರು. ಚಿಕ್ಕವ್ವನ ಗ್ಯಾಂಗು ಅಲ್ಲೇ ಬೀಡುಬಿಟ್ಟಿತ್ತು. ಮೇಷ್ಟ್ರ ಕುರ್ಚಿಯ ಪಕ್ಕದ ಕಿಟಕಿಯಿಂದ ತಿರುವು ಚೆನ್ನಾಗಿ ಕಾಣುತ್ತಿತ್ತು. ಅವರಿಗೊಂದು ಉಪಾಯ ಹೊಳೆಯಿತು. ಸಂಜೆ ನಡೆದುಕೊಂಡು ಹೋಗಿ ಚಿಕ್ಕವ್ವನಿಗೆ, "ನೋಡಮ್ಮ, ಗುಂಡ್ಲುಪೇಟೆ ಕಡೆಯಿಂದ ಇನ್‌ಸ್ಪೆಕ್ಟರ ಜೀಪು ಬಂದರೆ ನಿನ್ನ ಕೆಂಪು ಬಟ್ಟೇನ ಎತ್ತಿ ಬೀಸು. ನನಗೆ ಕಾಣ್ತದೆ. ಅಷ್ಟು ಮಾಡು ಸಾಕು" ಅಂದರು.

ಚಿಕ್ಕವ್ವ ಮನೆಗೆ ಬಂದವಳು ನನ್ನನ್ನು ಕೇಳಿದಳು, "ಜೀಪ್ ಬಂದ್ರ ನಿಮ್ ಮೇಷ್ಟ್ರು ಏನಮ್ಮಿ ಮಾಡ್ತರ?"

ಹೇಳಿದೆ. ಎಲ್ಲ ಹೇಳಿದೆ. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅಂತ ನನಗೆ ಅನ್ನಿಸಿರಲಿಲ್ಲವೋ, ನಾಚಿಕೆಯೋ... ಒಳಗೆ ಕೂರಿಸುವುದು, ಎಬ್ಬಿಸುವುದು, ನೀರು ಚಿಮುಕಿಸುವುದು, ಅರ್ಧ ಬೋರ್ಡು. ಅವಳು ಹಿಮ್ಮಡಿಯ ಕರಿಯನ್ನು ಉಜ್ಜುತ್ತಾ ಕೇಳಿಸಿಕೊಂಡಳು. ಕೊನೆಗೆ "ಓ, ಅಂಗಾ" ಅಂದಳು. ಅಷ್ಟೇ.

ಮಾರನೆಯ ದಿನ ಕೆಂಪು ಬಟ್ಟೆ ಎದ್ದಿತು. ಮೇಷ್ಟ್ರು ಹೌಹಾರಿ ಎದ್ದರು, ನಾವು ಒಳಗೆ ಓಡಿದೆವು, ಬೆರೆತು ಕೂತೆವು. ಕಾದೆವು. ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಎದ್ದಿತು. ಆಮೇಲಂತೂ ದಿನಕ್ಕೊಂದು ಸಲ, ಕೆಲವು ದಿನ ಎರಡು ಸಲ. ನಮ್ಮೂರ ರಸ್ತೆ ಅಂದರೆ ಕೇಳಬೇಕೆ? ಬಂಡೀಪುರದ ಕಾಡಿನವರ ಜೀಪು, ಕರೆಂಟಿನವರ ಜೀಪು, ಮಲೇರಿಯಾದವರ ಜೀಪು, ಅರಿಶಿನದ ವ್ಯಾಪಾರಿಗಳ ಜೀಪು. ಚಿಕ್ಕವ್ವ ಯಾವುದನ್ನೂ ಬಿಡಲಿಲ್ಲ. ತಾಳ್ಮೆ ಕೆಟ್ಟು ಮೇಷ್ಟ್ರು ಒಂದು ಮಧ್ಯಾಹ್ನ ದಿಬ್ಬ ಇಳಿದು ಹೋದರು. ಊಟದ ಬಿಡುವಾದ್ದರಿಂದ ನಾವೂ ಹಿಂದೆಯೇ ಹೋದೆವು.

"ಏನಮ್ಮಾ ನಿನ್ನ ಕಥೆ? ಅದು ಫಾರೆಸ್ಟ್‌ನೋರ ಜೀಪು. ಬಾಗಿಲ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಬರೆದಿಲ್ವಾ?"

ಚಿಕ್ಕವ್ವ ಕೋಲನ್ನು ಕಂಕುಳಿಗೆ ಸಿಕ್ಕಿಸಿ ಕೈ ಮುಗಿದಳು. "ಬರ್ದಿರ್ಬೋದು ಬುದ್ದಿ. ನಂಗೇನ್ ಓದಕ ಬತ್ತದಾ? ನನ್ನ ಯಾರು ಓದಕ ಕೂರ್ಸ್ಕಂಡಿದ್ರು? ನಂಗ ಜೀಪು ಅಂದ್ರ ಜೀಪೇಯ."

ಗ್ಯಾಂಗಿನ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಮೇಷ್ಟ್ರಿಗೆ ಬೀಸಬೇಡ ಅನ್ನುವ ಧೈರ್ಯವೂ ಇಲ್ಲ, ನಿಜವಾದ ಜೀಪು ಬಂದುಬಿಟ್ಟರೆ? ಬೀಸು ಅನ್ನುವ ಸಹನೆಯೂ ಉಳಿದಿಲ್ಲ. ಹಾಗೇ ದಿಬ್ಬ ಹತ್ತಿ ವಾಪಸು ಬಂದರು. ಅವತ್ತು ಸಂಜೆಯೂ ಕೆಂಪು ಬಟ್ಟೆ ಎದ್ದಿತು, ನಾವೂ ಎದ್ದೆವು.

ಇದರ ಏಟು ಬಿದ್ದದ್ದು ಮಾತ್ರ ಶಾಲೆಯಲ್ಲಲ್ಲ, ಊರೊಳಗಿನ ಮನೆಗಳ ಬಾಗಿಲಲ್ಲಿ. ನಮ್ಮ ಮಗ್ಗುಲಲ್ಲಿ ಕೂತು ಬಂದ ಮಕ್ಕಳನ್ನು ಹಾಗೇ ಮನೆಯೊಳಗೆ ಬಿಟ್ಟುಕೊಳ್ಳುವಂತಿರಲಿಲ್ಲ. ತಲೆಬಾಗಿಲ ಮುಂದೆ ನಿಲ್ಲಿಸಿ ತಲೆ ಮೇಲೆ ತಣ್ಣೀರು ಹುಯ್ಯಬೇಕು, ಬಟ್ಟೆ ನೆನೆಸಬೇಕು. ವರ್ಷಕ್ಕೆ ಒಂದೋ ಎರಡೋ ಸಲವಾದರೆ ಯಾರು ಬೇಕಾದರೂ ಹುಯ್ಯುತ್ತಾರೆ. ದಿನಾ ಆದರೆ? ನಮ್ಮದು ಮೊದಲೇ ನೀರಿಗೆ ಬರ ಇರುವ ಸೀಮೆ. ಆಳದ ಬಾವಿಯಿಂದ ಸೇದಿ, ಹೊತ್ತು ತರುವವರು ಆ ಮನೆಗಳ ಹೆಂಗಸರೇ. ಮೊದಲ ವಾರ ತಲೆ ತುಂಬ ಹುಯ್ದರು. ಆಮೇಲೆ ಒಂದು ಚೊಂಬು. ಆಮೇಲೆ ಕೈಯಲ್ಲಿ ಚಿಮುಕಿಸಿ "ಓಗು ಒಳಕ್ಕ" ಅನ್ನುವ ತನಕ ಇಳಿಯಿತು. ಒಂದು ಮನೆಯಲ್ಲಂತೂ ಸೊಸೆ "ನೀವೇ ಸೇದ್ಕಂಡ್ ಬಂದು ಉಯ್ರಿ" ಅಂತ ಅತ್ತೆಯ ಮುಂದೆ ಕೊಡ ಕುಕ್ಕಿದ ಸುದ್ದಿ ನಮ್ಮ ಕೇರಿಯವರೆಗೂ ಬಂತು.

ಅವತ್ತು ಚಿಕ್ಕವ್ವ ಮುದ್ದೆ ಮುರಿಯುತ್ತಾ ನಕ್ಕ ನಗು ನನಗಿನ್ನೂ ಕೇಳಿಸುತ್ತದೆ. "ಮಡಿ ಅನ್ನದು ಒಂದಿನಕ್ಕ ಚೆಂದ ಕಣಮ್ಮಿ. ದಿನಾ ಮಾಡಿ ಅಂದ್ರ ಅವ್ರ್ಗೂ ಸೊಂಟ ನೋಯ್ತದ."

ಆಗ ನನಗೆ ಗೊತ್ತಾಯಿತು, ಇವಳು ಬೇಕೆಂದೇ ಮಾಡುತ್ತಿದ್ದಾಳೆ ಅಂತ. ನಮ್ಮವ್ವನಿಗೆ ಅಳು ಬಂತು. "ಸುಮ್ನಿರು ತಾಯಿ, ನಾವು ಅವ್ರ ಒಲದಲ್ಲಿ ದುಡಿಬೇಕಾದೋರು" ಅಂದಳು. ಚಿಕ್ಕವ್ವ ಉಂಡೆದ್ದಳು.

ಇನ್‌ಸ್ಪೆಕ್ಟರು ನಿಜವಾಗಿಯೂ ಬಂದರು. ಅವರ ಜೀಪು ಆ ರಸ್ತೆಯಲ್ಲಿ ಹೋಗಿಬರುವುದನ್ನು ಚಿಕ್ಕವ್ವ ಎಷ್ಟೋ ಸಲ ನೋಡಿದ್ದಳು. ಓದಲು ಬಾರದಿದ್ದರೇನು, ಮುಂದಿನ ಒಂದು ಮಡ್‌ಗಾರ್ಡು ಜಜ್ಜಿಹೋಗಿದ್ದ ಆ ಜೀಪನ್ನು ಅವಳು ಫರ್ಲಾಂಗು ದೂರದಿಂದಲೇ ಗುರುತು ಹಿಡಿಯಬಲ್ಲಳು. ಕಂಡ ಕಂಡ ಜೀಪಿಗೆಲ್ಲ ಎದ್ದ ಕೆಂಪು ಬಟ್ಟೆ ಆ ಬೆಳಗ್ಗೆ ಏಳಲಿಲ್ಲ. ಕೋಲನ್ನು ನೆಲದ ಮೇಲೆ ಮಲಗಿಸಿ, ಬಾಂಡಲಿ ಎತ್ತಿಕೊಂಡು, ರಸ್ತೆಗೆ ಬೆನ್ನು ಹಾಕಿ ಜಲ್ಲಿ ಸುರಿಯುತ್ತಾ ನಿಂತಳಂತೆ. ಜೊತೆಯವಳು "ಅದೇ ಕಣಮ್ಮಿ ಜೀಪು, ಬೀಸು" ಅಂದದ್ದಕ್ಕೆ "ಗೊತ್ತು" ಅಂದಳಂತೆ.

ನಾವು ಜಗಲಿಯ ಮೇಲಿದ್ದೆವು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದರು. ಜೀಪಿನ ಸದ್ದು ಕೇಳಿ ಕಿಟಕಿಯತ್ತ ನೋಡಿದರು, ತಿರುವಿನಲ್ಲಿ ಕೆಂಪಿಲ್ಲ, ಮತ್ತೆ ಬರೆಯತೊಡಗಿದರು. ಇನ್‌ಸ್ಪೆಕ್ಟರು ಮೆಟ್ಟಿಲು ಹತ್ತಿ ಬಂದು ನಮ್ಮೆದುರಿಗೇ ನಿಂತರು. ನನ್ನತ್ತ ಬೆರಳು ತೋರಿಸಿ, "ಏಳಮ್ಮ, ಬೋರ್ಡಿನ ಮೇಲಿರೋದನ್ನ ಓದು" ಅಂದರು.

ಎದ್ದೆ. "ನಮ್ಮ ನಾಡಿನ ಜೀವನದಿ" ಅಂತ ಓದಿ ನಿಲ್ಲಿಸಿದೆ.

"ಮುಂದೆ ಓದು."

"ಅಷ್ಟೇ ಅದ ಸಾ."

"ಅಷ್ಟೇ ಎಲ್ಲಿದೆ? ಪೂರ್ತಿ ಓದು."

"ಅಷ್ಟೇ ಕಾಣದು ಸಾ."

ಅವರು ನನ್ನನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದರು. ಆಮೇಲೆ ಪ್ಯಾಂಟು ಸ್ವಲ್ಪ ಎಳೆದುಕೊಂಡು ನನ್ನ ಗೋಣಿತಟ್ಟಿನ ಮೇಲೆ ಕುಕ್ಕರುಗಾಲಲ್ಲಿ ಕೂತರು. ಕತ್ತು ಆ ಕಡೆ ಈ ಕಡೆ ಹೊರಳಿಸಿ ನೋಡಿದರು. ಮೇಷ್ಟ್ರ ಕೈಯ ಸೀಮೆಸುಣ್ಣ ಕೆಳಗೆ ಬಿತ್ತು. ಇನ್‌ಸ್ಪೆಕ್ಟರು ಎದ್ದು ಒಳಗೆ ಹೋದರು, ಬಾಗಿಲು ಮುಚ್ಚಿತು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಅವರು ನಮ್ಮ ಪಾಲಿನ ದೇವರೇನೂ ಆಗಲಿಲ್ಲ, ಆಮೇಲೆ ತಿರುಗಿ ಬಂದ ನೆನಪೂ ಇಲ್ಲ. ಆದರೆ ಅವರು ಹೋದ ಮೇಲೆ ಮೇಷ್ಟ್ರು ಬಾಗಿಲಿಗೆ ಬಂದು, ನಮ್ಮ ಮುಖ ನೋಡದೆ, "ತಟ್ಟು ಎತ್ತಿಕೊಂಡು ಒಳಗೆ ಬನ್ನಿ. ಇನ್ನು ಮೇಲೆ ಒಳಗೇ ಕೂರಬೇಕು" ಅಂದರು. ಅವತ್ತು ಸಂಜೆಯ ತನಕ ಬೋರ್ಡು ಪೂರ್ತಿ ಕಂಡಿತು. ನನಗೆ ಪಾಠ ತಲೆಗೆ ಹತ್ತಲಿಲ್ಲ. ಬಲಗಡೆಯ ಅರ್ಧವನ್ನೇ ನೋಡುತ್ತಾ ಕೂತಿದ್ದೆ.

ಊರೊಳಗಿನವರು ಮಕ್ಕಳನ್ನು ಬಿಡಿಸಿಕೊಂಡರು. ಒಂದಿಷ್ಟು ದಿನ ಕೋಣೆಯಲ್ಲಿ ನಾವೇ. ಮನೆಯಲ್ಲಿ ಕೂತ ಮಕ್ಕಳ ಗಲಾಟೆ ತಡೆಯಲಾರದೆ ಅವರವ್ವಂದಿರೇ ಒಬ್ಬೊಬ್ಬರಾಗಿ ವಾಪಸು ಕಳಿಸಿದರು. ನಡುವೆ ಒಂದು ಮೊಳ ಜಾಗ ಬಿಟ್ಟು ಕೂರುತ್ತಿದ್ದರು. ಆ ಒಂದು ಮೊಳ ನಾನು ಏಳನೇ ಕ್ಲಾಸು ಮುಗಿಸುವ ಹೊತ್ತಿಗೂ ಪೂರ್ತಿ ಮುಚ್ಚಿರಲಿಲ್ಲ. ಇರಲಿ, ಬೋರ್ಡು ಕಾಣುತ್ತಿತ್ತು.

ಬೀಸದೆ ಬಿಟ್ಟವಳು ಯಾರು ಅನ್ನುವುದು ಊರಿಗೆ ಗೊತ್ತಾಗಲು ತಡವಾಗಲಿಲ್ಲ. ಮುಂದಿನ ಸೋಮವಾರ ಚಾವಡಿಗೆ ಹೇಳಿಕಳಿಸಿದರು. ನಮ್ಮ ಕಡೆ ಸೋಮವಾರ ಶಿವನ ವಾರ, ಎತ್ತಿಗೆ ನೇಗಿಲು ಹೂಡಿ ಆರು ಕಟ್ಟುವುದಿಲ್ಲ, ಅದಕ್ಕೇ ನ್ಯಾಯ ಪಂಚಾಯ್ತಿಗೆಲ್ಲ ಅದೇ ದಿನ. ಪಟೇಲರು, ಹಿರಿಯರು ಮೇಲೆ ಕೂತಿದ್ದರು. ವಿಭೂತಿ ಹಚ್ಚಿದ ಹಣೆಗಳು. ಚಿಕ್ಕವ್ವ ಕೆಳಗೆ ಬಿಸಿಲಲ್ಲಿ ನಿಂತಿದ್ದಳು, ಅವ್ವ ಅವಳ ಹಿಂದೆ, ನಾನು ಅವ್ವನ ಸೆರಗು ಹಿಡಿದುಕೊಂಡು. "ತಪ್ಪಾಯ್ತು ಅಂತ ಎಲ್ಲಾರ್ ಮುಂದ ಒಪ್ಕ. ಅಲ್ಲಿಗ್ ಬುಟ್ಬುಡ್ತೀವಿ" ಅಂದರು ಪಟೇಲರು. ಅವ್ವ ಹಿಂದಿನಿಂದ ತಿವಿದಳು. ಒಪ್ಪಿಕೊಳ್ಳದಿದ್ದರೆ ನಮ್ಮ ಮನೆಯವರಿಗೆ ಊರ ಹೊಲದಲ್ಲಿ ಕೂಲಿ ಇಲ್ಲ ಅಂತ ಮೊದಲೇ ಹೇಳಿಸಿದ್ದರು.

ಚಿಕ್ಕವ್ವ ತಲೆ ತಗ್ಗಿಸಲಿಲ್ಲ. "ಒಪ್ಕತೀನಿ ಬುದ್ದಿ, ನಂದು ತಪ್ಪಾಯ್ತು" ಅಂದಳು. ಮೇಲೆ ಕೂತವರು ಉಸಿರು ಬಿಟ್ಟರು. ಅವಳು ಇನ್ನೂ ಮುಗಿಸಿರಲಿಲ್ಲ. "ಅಷ್ಟು ದಿನ ಬೀಸ್ದೆನಲ್ಲ, ಅದೇ ನನ್ ತಪ್ಪು. ಮೊದಲ್ನೇ ದಿನ್ವೇ ಓಗಿ ಇನ್‌ಸ್ಪೆಟ್ರಿಗ ಏಳ್ಬುಟ್ಟಿದ್ರ ಮಕ್ಕ ಆವತ್ತೇ ಒಳಕ್ಕೋಗವು."

ಅವಳು ಕೈ ಮುಗಿದು, ತಿರುಗಿ ನಡೆದುಬಿಟ್ಟಳು. ಇಷ್ಟು ವರ್ಷ ಆಸ್ಪತ್ರೆಯಲ್ಲಿ ಎಂಥೆಂಥವರ ಮುಂದೆ ನಿಂತು ಮಾತಾಡಿದ್ದೇನೆ. ಡಾಕ್ಟರರ ಮುಂದೆ, ಪುಢಾರಿಗಳ ಮುಂದೆ. ಅಳುಕಾದಾಗೆಲ್ಲ ಆ ಬಿಸಿಲಲ್ಲಿ ತಿರುಗಿ ನಡೆದ ಬೆನ್ನು ಕಣ್ಣಿಗೆ ಬಂದಿದೆ.

ಕೂಲಿ ನಿಂತಿತು. ಗ್ಯಾಂಗಿನ ಮೇಸ್ತ್ರಿಯ ಮೇಲೂ ಒತ್ತಡ ಬಂದು ಅವನು ಚಿಕ್ಕವ್ವನಿಗೆ ಬರಬೇಡ ಅಂದ. ತಾನಿಲ್ಲಿದ್ದರೆ ನಮಗೂ ಅನ್ನ ಹುಟ್ಟುವುದಿಲ್ಲ ಅಂತ ಅವಳೇ ಲೆಕ್ಕ ಹಾಕಿದಳು. ಗುಂಡ್ಲುಪೇಟೆಯಿಂದ ವಯನಾಡಿನ ಕಡೆ ಕಾಫಿ ತೋಟಕ್ಕೆ ಆಳು ಹೋಗುವ ಲಾರಿ ಹತ್ತಿದಳು. ಆಮೇಲೆ ನಿಧಾನಕ್ಕೆ ಊರ ಹೊಲಗಳಲ್ಲಿ ನಮ್ಮವ್ವನನ್ನು ಮತ್ತೆ ಕರೆದರು. ಕಳೆ ಕೀಳಲು ಕೈ ಬೇಕಲ್ಲ.

ಚಿಕ್ಕವ್ವ ಹಬ್ಬಕ್ಕೆ ಬರುತ್ತಿದ್ದಳು. ಬರಬರುತ್ತಾ ಅವಳ ಮಾತಿನಲ್ಲಿ ಮಲಯಾಳ ಸೇರಿಕೊಂಡಿತು. ಟಾರಿನ ವಾಸನೆ ಹೋಗಿ ಕಾಫಿ ಹಣ್ಣಿನ ಹುಳಿ ವಾಸನೆ ಬಂತು, ನನಗೆ ಅದು ಒಗ್ಗಲಿಲ್ಲ. ಒಂದು ಸಲ ಹೈಸ್ಕೂಲು ಮುಗಿಸಿದ್ದ ನಾನು "ಬಾ ಚಿಕ್ಕವ್ವ, ಶಾಲೆ ಒಳಗ ನೋಡ್ಕಂಡು ಬರನ" ಅಂತ ಕೈ ಹಿಡಿದು ಎಳೆದೆ. ದಿಬ್ಬದ ಬುಡದ ತನಕ ಬಂದಳು. "ನೋಡಕ ಏನದಮ್ಮಿ? ನೀನ್ ಕೂತಿದ್ದಲ್ಲ, ಸಾಕು ಬುಡು" ಅಂದು ಅಲ್ಲಿಂದಲೇ ತಿರುಗಿದಳು. ಆ ಹೊಸ್ತಿಲನ್ನು ಅವಳು ಕೊನೆಗೂ ದಾಟಲಿಲ್ಲ.

ನನ್ನ ನರ್ಸಿಂಗ್ ತರಬೇತಿ ಮುಗಿಯುವ ಹೊತ್ತಿಗೆ ಜ್ವರ ಬಂದು ಅಲ್ಲೇ ಹೋಗಿಬಿಟ್ಟಳು. ಸುದ್ದಿ ಬಂದು ನಾವು ಹೋಗುವಷ್ಟರಲ್ಲಿ ಜೊತೆಯ ಆಳುಗಳೇ ಮಣ್ಣು ಮಾಡಿದ್ದರು. ನಾನು ಜ್ವರ ನೋಡುವುದನ್ನು ಕಲಿಯುತ್ತಿದ್ದೆ... ಅವಳ ಹಣೆ ಮುಟ್ಟಲು ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಆ ಜಾಗ ಹುಡುಕಿಕೊಂಡು ಹೋದೆ. ಅಲ್ಲಿ ಶುಂಠಿ ಬೆಳೆದಿದ್ದರು.

ಪಟೇಲರು ಮಾತ್ರ ತುಂಬು ಆಯಸ್ಸು ಬದುಕಿದರು. ಕೊನೆಗಾಲದಲ್ಲಿ ನನ್ನ ವಾರ್ಡಿಗೇ ಬಂದರು. ಮೈ ಒರೆಸಿದೆ, ಮಾತ್ರೆ ನುಂಗಿಸಿದೆ, ಮಗ್ಗುಲು ಹೊರಳಿಸಿದೆ. ನನ್ನನ್ನು ಗುರುತು ಹಿಡಿದರೋ ಇಲ್ಲವೋ. ಅವರ ಮನೆಯವರು ಯಾರೂ ತಣ್ಣೀರು ತಂದು ಹುಯ್ಯಲಿಲ್ಲ.

ಸಮಿತಿಯ ಅಧ್ಯಕ್ಷರು ಅವರ ಮಗ. ನನ್ನ ಪಕ್ಕ ಮುದುರಿ ಕೂರುತ್ತಿದ್ದ ಆ ಹುಡುಗ, ಈಗ ಅರಿಶಿನದ ಮಂಡಿ ಇಟ್ಟುಕೊಂಡಿರುವ ದೊಡ್ಡ ಮನುಷ್ಯರು. ಬಸ್ಸಿಳಿದು ಅವರ ಮನೆಗೇ ಹೋದೆ. ಒಳಗೆ ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟರು, ಸ್ಟೀಲ್ ಲೋಟದಲ್ಲಿ, ಅವರದ್ದೂ ಅದೇ ಲೋಟ. ನೋಡಿಕೊಂಡೆ. ಇಂಥದ್ದನ್ನು ನೋಡಿಕೊಳ್ಳುವ ಚಾಳಿ ನನಗೆ ಸಾಯುವ ತನಕ ಹೋಗುವುದಿಲ್ಲ.

ನಾನು ಬರೆದ ಹಾಳೆಗಳು ಅವರ ಮುಂದಿದ್ದವು. "ಚೆನ್ನಾಗಿ ಬರ್ದಿದ್ದೀರಿ ಸಿಸ್ಟ್ರೇ. ನಂಗೂ ಎಲ್ಲ ಗ್ಯಾಪ್ಕ ಅದ. ನಿಮ್ ಚಿಕ್ಕವ್ವ ಬಟ್ಟೆ ಬೀಸ್ದಾಗೆಲ್ಲ ನನ್ ತಲೆ ಮ್ಯಾಲ ತಣ್ಣೀರು. ಆವಮ್ಮನ್ನ ಎಷ್ಟು ಬೈಕಂಡಿದ್ದೀನೋ" ಅಂತ ನಕ್ಕರು. ನನಗೂ ನಗು ಬಂತು. ಒಂದು ಕ್ಷಣ ಇಬ್ಬರೂ ಮಕ್ಕಳಾಗಿದ್ದೆವು. ಆಮೇಲೆ ಅವರು ಗಂಟಲು ಸರಿಮಾಡಿಕೊಂಡರು. "ಆದ್ರ ಆ ಜಗಲಿ, ಚಾವಡಿ ವಿಷ್ಯ ಎಲ್ಡ ಬುಟ್ಬುಡನ. ಶಾಲೆಗ ಜಾಗ ಕೊಟ್ಟ ಮನೆ ಅಂತ ಅಪ್ಪಾಜಿ ಫೋಟೋ ಅದ್ರಲ್ಲೇ ಬತ್ತದ. ಆಗೋಗಿದ್ದ ಈಗ್ಯಾಕ ಕೆದ್ಕದು?"

"ಅದೆರಡು ಬುಟ್ರ ನಮ್ ಚಿಕ್ಕವ್ವ ಎಲ್ಲಿ ಉಳೀತಾಳ?" ಅಂದೆ.

ಅವರು ಮಾತು ಬದಲಿಸಿ ಕಾರ್ಯಕ್ರಮದ ಬಗ್ಗೆ ಹೇಳತೊಡಗಿದರು. ಮಿನಿಸ್ಟರು ಬರುತ್ತಾರೆ. ಕೋಣೆಗಳನ್ನು ನೋಡುತ್ತಾರೆ. ಬೆಂಚುಗಳು ಖಾಲಿ ಕಂಡರೆ ಚೆನ್ನಾಗಿರುವುದಿಲ್ಲ. ಹಾಗಾಗಿ ಅವತ್ತು ಅರ್ಧ ದಿನ ಕಾನ್ವೆಂಟಿಗೆ ಹೋಗುವ ಊರೊಳಗಿನ ಮಕ್ಕಳನ್ನು ಕರೆಸಿ ಮಧ್ಯೆ ಮಧ್ಯೆ ಕೂರಿಸುವುದು ಅಂತ ಸಮಿತಿ ತೀರ್ಮಾನ ಮಾಡಿದೆ...

ನಾನು ಲೋಟ ಕೆಳಗಿಟ್ಟೆ. ಆ ಶಾಲೆಯಲ್ಲಿ ಈಗ ಓದುತ್ತಿರುವುದು ನಮ್ಮ ಕೇರಿಯ ಮಕ್ಕಳು ಮಾತ್ರ. ಊರೊಳಗಿನ ಮಕ್ಕಳನ್ನು ಬೆಳಗ್ಗೆ ಹಳದಿ ವ್ಯಾನು ಬಂದು ಮನೆ ಬಾಗಿಲಿನಿಂದಲೇ ಹತ್ತಿಸಿಕೊಂಡು ಹೋಗುತ್ತದೆ. ಇವರ ಮೊಮ್ಮಕ್ಕಳೂ ಅದರಲ್ಲೇ. ಇಂಗ್ಲಿಷ್ ಕಲಿಯಲಿ ಅಂತ ಅನ್ನುತ್ತಾರೆ, ಕಲಿಯಲಿ, ನಮ್ಮವರಿಗೂ ಶಕ್ತಿಯಿದ್ದರೆ ಕಳಿಸುತ್ತಿದ್ದರೇನೋ. ಆದರೆ ಬೆರೆಸಿ ಕೂರಿಸುವುದು ಅನ್ನುವ ಮಾತು ಕೇಳಿದ್ದೇ ನನ್ನ ಮೈಯೆಲ್ಲ ಉರಿಯಿತು.

"ಆಗ ನಮ್ಮನ್ನ ಆಚ್ಗ ಕೂರ್ಸಿದ್ರಿ. ಈಗ ನೀವೇ ಎದ್ದು ಓಗಿದ್ದೀರಿ. ಒಟ್ನಲ್ಲಿ ಜೊತೇಲಿ ಕೂರಕ ನಿಮ್ಮಿಂದ ಆಗ್ನಿಲ್ಲ" ಅಂದೆ.

"ಅಯ್ಯೋ, ಇದು ಅದಲ್ಲ ಕಣ್ ಸಿಸ್ಟ್ರೇ..."

"ಅದೇ ಇದು."

ಅವರ ಮುಖ ಸಣ್ಣಗಾಯಿತು. ಪಾಪ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತದೆ, ಆದರೂ ಹಾಳೆಗಳನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲದಿದ್ದರೆ ಬೇಡ ಅಂತ ಹೇಳಿ ಎದ್ದೆ. ಬೇಡ ಅಂತಲೇ ಆಯಿತು. ಮೊನ್ನೆ ಫೋನು ಮಾಡಿ, ಬರಹಕ್ಕೆ ಜಾಗ ಸಾಲದು, ಸಾಧಕರ ಪುಟಕ್ಕೆ ನಿಮ್ಮದೊಂದು ಫೋಟೋ ಕಳಿಸಿ ಅಂದರು. ಕಳಿಸಲಿಲ್ಲ. ಅವರಿಗೆ ಬೇಡವಾದದ್ದನ್ನೇ ಇಲ್ಲಿ ಬರೆದಿದ್ದೇನೆ.

ಕಾರ್ಯಕ್ರಮಕ್ಕೆ ಮಾತ್ರ ಹೋಗುತ್ತೇನೆ. ಚಿಕ್ಕವ್ವ ಇದ್ದಿದ್ದರೆ ಹೊತ್ತುಕೊಂಡಾದರೂ ದಿಬ್ಬ ಹತ್ತಿಸಿ ಮುಂದಿನ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಅವಳಿಲ್ಲ. ಅವಳದ್ದೊಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಮಿನಿಸ್ಟರು ಕೋಣೆಯೊಳಗೆ ಬಂದು, ಬೆರೆತು ಕೂತ ಮಕ್ಕಳನ್ನು ನೋಡಿ ಸಂತೋಷಪಡುವಾಗ ನಾನು ಎದ್ದು ನಿಂತು ಇದನ್ನೆಲ್ಲ ಹೇಳುತ್ತೇನೆ, ಆ ಮಕ್ಕಳಿಗೇ ಹೇಳುತ್ತೇನೆ, ಎರಡೂ ಕಡೆಯವಕ್ಕೆ. ಮೈಕು ಕೊಡದಿದ್ದರೆ ಬೇಡ. ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿ ಅಭ್ಯಾಸವಿದೆ ನನಗೆ.